ಭಾಷೆ, ತರ್ಕ, ಸಂವಹನ: ಪದವಿ ಹಂತದ ಓದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿವರ್ಷ ಪಿಯುಸಿ ಫಲಿತಾಂಶದ ನಂತರ ದಾಖಲಾತಿಗೆ ಬರುವ ವಿದ್ಯಾರ್ಥಿಗಳು ಮತ್ತು ಅವರ ಜೊತೆಗೆ ಬರುವ ತಂದೆತಾಯಿಯರು ಕೇಳುವ ಪ್ರಶ್ನೆಗಳನ್ನೂ, ಓದು ಶುರುವಾದ ಮೇಲೆ ತರಗತಿಯ ಹೊರಗೆ ಮತ್ತು ಪತ್ರಗಳಲ್ಲಿ ಬರುವ ಪ್ರಶ್ನೆಗಳನ್ನೂ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಮೊದಲ ಕೆಲವು ಹೊಸಬರಿಗೆ, ಕೊನೆಯವು ಎರಡು ವರ್ಷವಾದರೂ ಓದಿದವರಿಗೆ.

## ಮೊದಲ ಪ್ರಶ್ನೆಗಳು

ಮಾತು ಹುಟ್ಟಿದಾಗಿಂದ ಆಡ್ತಾನೇ ಇದ್ದೀವಿ. ಅದನ್ನ ಕಾಲೇಜಿಗೆ ಹೋಗಿ ಓದೋದೇನಿದೆ?

ಮಾತನಾಡಲು ಬರುವುದು ಒಂದು, ಆಡುವ ಮಾತು ಹೇಗೆ ಕಟ್ಟಿಕೊಂಡಿದೆ ಎಂದು ಹೇಳಲು ಬರುವುದು ಇನ್ನೊಂದು. ಕನ್ನಡಿಗರೆಲ್ಲರೂ ‘ಪುಸ್ತಕ ಗಿಸ್ತಕ’, ‘ಮನೆ ಗಿನೆ’, ‘ಕಾಫಿ ಗೀಫಿ’, ‘ಊಟ ಗೀಟ’ ಎನ್ನುತ್ತಾರೆ. ಪದದ ಮೊದಲ ಅಕ್ಷರ ಹೋಗಿ ಅಲ್ಲಿಗೆ ‘ಗಿ’ ಬರುತ್ತದೆ, ಮೊದಲ ಸ್ವರ ದೀರ್ಘವಾಗಿದ್ದರೆ ‘ಗೀ’ ಬರುತ್ತದೆ. ಈ ನಿಯಮವನ್ನು ನಿಮಗೆ ಯಾರೂ ಕಲಿಸಲಿಲ್ಲ, ಶಾಲೆಯ ವ್ಯಾಕರಣದ ಪುಸ್ತಕದಲ್ಲಿ ಓದಿದ ನೆನಪೂ ನಿಮಗಿರಲಾರದು. ಆದರೂ ನಿನ್ನೆಯಷ್ಟೇ ಕೇಳಿದ ಹೊಸ ಪದಕ್ಕೂ ನೀವು ಅದನ್ನು ತಪ್ಪಿಲ್ಲದೆ ಅನ್ವಯಿಸುತ್ತೀರಿ. ಹಾಗಾದರೆ ‘ಗಿಡ’ ಎಂಬ ಪದಕ್ಕೆ ಏನು ಮಾಡುತ್ತೀರಿ? ‘ಗೀತೆ’ಗೆ? ಮನೆಯಲ್ಲಿ ನಾಲ್ವರನ್ನು ಬೇರೆ ಬೇರೆಯಾಗಿ ಕೇಳಿ, ಅವರು ಒಂದು ಕ್ಷಣ ತಡವರಿಸುವುದನ್ನು ಗಮನಿಸಿ, ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಈ ಓದು ಶುರುವಾಗುವುದು ಆ ತಡವರಿಕೆಯಿಂದ.

ಸುಮಾರು 850ರ ಕವಿರಾಜಮಾರ್ಗವೇ ಕನ್ನಡದ ಜನರು ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಹೊಗಳಿದೆ ಎಂದು ವಾದಿಸುವವರಿದ್ದಾರೆ. ನಿಜ, ಹೊಗಳಿದೆ. ಆದರೆ ಆ ಮಾತು ಬರುವುದೇ ಭಾಷೆಯ ಬಳಕೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ಒಂದು ಶಾಸ್ತ್ರಗ್ರಂಥದಲ್ಲಿ.

ಈ ಮೂರೂ ಬೇರೆ ಬೇರೆ ಸಬ್ಜೆಕ್ಟ್ ಅಲ್ವಾ? ಒಟ್ಟಿಗೆ ಯಾಕೆ ಓದಬೇಕು?

‘ಎಲ್ಲರೂ ಬರಲಿಲ್ಲ’ ಎಂಬ ಎರಡು ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ಇದಕ್ಕೆ ‘ಕೆಲವರು ಬಂದರು, ಕೆಲವರು ಬರಲಿಲ್ಲ’ ಎಂಬ ಅರ್ಥವೂ ಇದೆ, ‘ಒಬ್ಬರೂ ಬರಲಿಲ್ಲ’ ಎಂಬ ಅರ್ಥವೂ ಹೊರಡಬಹುದು. ನಿಷೇಧದ ‘ಇಲ್ಲ’ ಎಂಬುದು ‘ಎಲ್ಲರೂ’ ಎಂಬುದನ್ನು ತನ್ನ ತೆಕ್ಕೆಗೆ ತೆಗೆದುಕೊಳ್ಳುತ್ತದೆಯೇ ಇಲ್ಲವೇ ಎಂದು ಕೇಳುವವರು ಭಾಷಾವಿಜ್ಞಾನಿಗಳು. ಈ ಎರಡು ಅರ್ಥಗಳಿಂದ ಹೊರಡುವ ತೀರ್ಮಾನಗಳು ಬೇರೆ ಬೇರೆ ಎಂದು ತೋರಿಸುವವರು ತರ್ಕಶಾಸ್ತ್ರದವರು. ತರಗತಿಯ ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕ ನೋಡುತ್ತಾ ಅಧ್ಯಾಪಕರು ಈ ಮಾತು ಹೇಳಿದರೆ ಕೇಳಿದವರು ಯಾವ ಅರ್ಥವನ್ನು ಆರಿಸಿಕೊಳ್ಳುತ್ತಾರೆ, ಏಕೆ ಆರಿಸಿಕೊಳ್ಳುತ್ತಾರೆ ಎಂದು ನೋಡುವುದು ಸಂವಹನದ ಅಧ್ಯಯನ. ವಾಕ್ಯ ಒಂದೇ ಇದೆ. ವಿಭಾಗಗಳು ಮೂರಾಗಿದ್ದು ವಿಶ್ವವಿದ್ಯಾಲಯಗಳ ಆಡಳಿತದ ಅನುಕೂಲಕ್ಕೆ ಎಂಬುದು ನನ್ನ ಅಭಿಪ್ರಾಯ.

ಇದನ್ನ ಓದಿದ್ರೆ ಸ್ಟೇಜ್ ಮೇಲೆ ಮಾತಾಡೋ ಭಯ ಹೋಗುತ್ತಾ?

ಹೋಗಬಹುದು, ಆದರೆ ಅದು ಈ ಓದಿನ ಉದ್ದೇಶವಲ್ಲ. ಸ್ಪೋಕನ್ ಇಂಗ್ಲಿಷ್, ಭಾಷಣ ಕಲೆ, ವ್ಯಕ್ತಿತ್ವ ವಿಕಸನ ಇವೆಲ್ಲ ಬೇರೆ ತರಬೇತಿಗಳು. ಈಜು ಕಲಿಸುವವರಿಗೂ ನೀರಿನ ಹರಿವನ್ನು ಅಧ್ಯಯನ ಮಾಡುವವರಿಗೂ ಇರುವ ವ್ಯತ್ಯಾಸ ಇಲ್ಲಿದೆ.

## ಸೇರುವ ಮುನ್ನ

ಇದೇ ಹೆಸರಿನ ಡಿಗ್ರಿ ನಮ್ಮಲ್ಲಿ ಎಲ್ಲಿ ಸಿಗುತ್ತೆ?

ಇದೇ ಹೆಸರಿನಲ್ಲಿ ಹುಡುಕಿದರೆ ನಿರಾಶೆಯಾದೀತು. ಕರ್ನಾಟಕದ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಭಾಷಾವಿಜ್ಞಾನ ಸ್ವತಂತ್ರ ವಿಷಯವಾಗಿ ಸಿಗುವುದಿಲ್ಲ. ನೀವು ಅದನ್ನು ವಿಷಯಗಳ ಜೋಡಣೆಯಿಂದ ಕಟ್ಟಿಕೊಳ್ಳಬೇಕು: ಐಚ್ಛಿಕ ಕನ್ನಡ ಅಥವಾ ಐಚ್ಛಿಕ ಇಂಗ್ಲಿಷ್, ಅದರ ಜೊತೆಗೆ ತತ್ತ್ವಶಾಸ್ತ್ರ ಅಥವಾ ಮನಶ್ಶಾಸ್ತ್ರ, ಮೂರನೆಯದಾಗಿ ಪತ್ರಿಕೋದ್ಯಮ. 2024-25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಮೊದಲ ವರ್ಷದ ಜೋಡಣೆಯನ್ನು ಆರಿಸುವಾಗಲೇ ಎಚ್ಚರ ಬೇಕು. ಆಮೇಲೆ ಬದಲಿಸಲು ಹೆಚ್ಚು ಕಾಲಾವಕಾಶ ಇರುವುದಿಲ್ಲ.

ಹೆಸರು ಬೇರೆಯಾದರೂ ಒಳಗೆ ಇದೇ ಹೂರಣವಿರುವ ಪದವಿಗಳು ಕೆಲವು ಇವೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಾಕ್ ಮತ್ತು ಶ್ರವಣ ವಿಜ್ಞಾನದ ಪದವಿ ಇದೆ. ಅದಕ್ಕೆ ವಿಜ್ಞಾನ ವಿಷಯಗಳೊಂದಿಗೆ ಪಿಯುಸಿ ಮುಗಿಸಿರಬೇಕು, ಓದಿನ ಕೊನೆಗೆ ಇಂಟರ್ನ್‌ಶಿಪ್ ಇರುತ್ತದೆ, ಮಾತಿನ ತೊಂದರೆ ಇರುವ ಮಕ್ಕಳು ಮತ್ತು ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರ ಜೊತೆ ಕೆಲಸ ಮಾಡುವುದನ್ನು ಅಲ್ಲಿ ಕಲಿಸುತ್ತಾರೆ. ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದೊಂದಿಗೆ ಗಣಕ ಭಾಷಾವಿಜ್ಞಾನವನ್ನು ಸೇರಿಸಿದ ಜೋಡಿ ಪದವಿ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1986ರಲ್ಲಿಯೇ ಭಾಷಾವಿಜ್ಞಾನ, ತತ್ತ್ವಶಾಸ್ತ್ರ, ಮನಶ್ಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನವನ್ನು ಒಂದೇ ಪದವಿಗೆ ತಂದು ಅದನ್ನು ಸಿಂಬಾಲಿಕ್ ಸಿಸ್ಟಮ್ಸ್ ಎಂದು ಕರೆಯಿತು. ಆಕ್ಸ್‌ಫರ್ಡಿನಲ್ಲಿ ಮನಶ್ಶಾಸ್ತ್ರ, ತತ್ತ್ವಶಾಸ್ತ್ರ, ಭಾಷಾವಿಜ್ಞಾನ ಸೇರಿದ ಪದವಿ ಇದೆ.

ಕನ್ನಡ ಮೀಡಿಯಂನಲ್ಲಿ ಓದಿದ್ದೀನಿ. ಇಂಗ್ಲಿಷ್ ಪುಸ್ತಕ ಓದೋಕೆ ಕಷ್ಟ ಆಗಲ್ವಾ?

ಮೊದಲ ಆರು ತಿಂಗಳು ಕಷ್ಟವಾಗುತ್ತದೆ. ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆಧುನಿಕ ಭಾಷಾವಿಜ್ಞಾನದ ಪಠ್ಯಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಆದರೆ ಆ ಪಠ್ಯಗಳಲ್ಲಿ ಸಾಮಾನ್ಯ ನಿಯಮವೆಂದು ಹೇಳಿದ್ದನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿ ನಿಮ್ಮ ನಾಲಿಗೆಯ ಮೇಲಿದೆ. ಕರ್ತೃವಿಗೆ ಅನುಗುಣವಾಗಿ ಕ್ರಿಯಾಪದ ಬದಲಾಗುತ್ತದೆ ಎಂದು ಪಠ್ಯ ಹೇಳುತ್ತದೆ ಎಂದುಕೊಳ್ಳಿ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿದವನು ನಾನು, ಆದರೆ ‘ನಾನು’ ಚತುರ್ಥಿ ವಿಭಕ್ತಿಯಲ್ಲಿ ಕುಳಿತಿದ್ದೇನೆ, ಕ್ರಿಯಾಪದ ಹೊಂದಿಕೊಂಡಿರುವುದು ‘ಹಸಿವು’ ಎಂಬುದಕ್ಕೆ. ಇಲ್ಲಿ ಕರ್ತೃ ಯಾರು? ಭಾಷಾವಿಜ್ಞಾನಿಗಳು ದಶಕಗಳಿಂದ ಚರ್ಚಿಸುತ್ತಿರುವ ಈ ಪ್ರಶ್ನೆಗೆ ಇಂಗ್ಲಿಷನ್ನು ಮಾತ್ರ ಬಲ್ಲವರು ಬೇರೊಬ್ಬರನ್ನು ಕೇಳಬೇಕು, ನೀವು ನಿಮ್ಮನ್ನೇ ಕೇಳಿಕೊಳ್ಳಬಹುದು.

ಒಂದು ನೋಟ್‌ಪುಸ್ತಕದ ಎಡಪುಟದಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದ, ಬಲಪುಟದಲ್ಲಿ ಧ್ವನಿಮಾ (ಅರ್ಥಭೇದ ಮಾಡುವ ಧ್ವನಿ), ಆಕೃತಿಮಾ (ಅರ್ಥವುಳ್ಳ ಅತಿ ಕಿರಿದಾದ ತುಣುಕು) ಮೊದಲಾದ ಕನ್ನಡ ಪದ ಮತ್ತು ನಿಮ್ಮದೇ ಉದಾಹರಣೆ ಬರೆಯುತ್ತಾ ಹೋಗಿ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಿ ನೋಡಬೇಕೆಂದು ವಾದಿಸಿ ಕನ್ನಡದಲ್ಲಿಯೇ ವಿಪುಲವಾಗಿ ಬರೆದಿದ್ದಾರೆ. ಅವರ ತೀರ್ಮಾನಗಳನ್ನು ಒಪ್ಪದವರೂ ಅವರ ಉದಾಹರಣೆಗಳಿಂದ ಕಲಿಯುತ್ತಾರೆ.

ಓದಿದ ಮೇಲೆ ಕೆಲಸ ಸಿಗುತ್ತಾ? ನೇರವಾಗಿ ಹೇಳಿ ಮೇಡಂ.

ಬರೀ ಮೂರು ವರ್ಷದ ಪದವಿಯಿಂದ ‘ಭಾಷಾವಿಜ್ಞಾನಿ’ ಎಂಬ ಹುದ್ದೆ ಸಿಗುವುದಿಲ್ಲ. ಅಧ್ಯಾಪನಕ್ಕೆ ಸ್ನಾತಕೋತ್ತರ ಪದವಿ, ಅದರ ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಬೇಕು. ಪದವಿಯ ಬಲದಿಂದಲೇ ಹೋಗಬಹುದಾದ ಕಡೆಗಳೆಂದರೆ ಪತ್ರಿಕೆ ಮತ್ತು ಸುದ್ದಿವಾಹಿನಿಗಳ ಡೆಸ್ಕ್, ಅನುವಾದ, ಉಪಶೀರ್ಷಿಕೆ, ಪ್ರಕಾಶನ ಸಂಸ್ಥೆಗಳ ಕರಡು ತಿದ್ದುವ ಕೆಲಸ, ಭಾಷಾ ತಂತ್ರಜ್ಞಾನದ ಕಂಪನಿಗಳಲ್ಲಿ ಕನ್ನಡದ ದತ್ತಾಂಶವನ್ನು ಗುರುತು ಮಾಡುವ ಕೆಲಸ. ಕೊನೆಯದು ಹೆಚ್ಚಾಗಿ ಗುತ್ತಿಗೆಯ ಮೇಲೆ ನಡೆಯುತ್ತದೆ ಎಂಬುದನ್ನು ತಿಳಿದೇ ಹೋಗಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳ ವಿಷಯದಲ್ಲಿ ಪೋಷಕರಿಗೆ ಒಂದು ಮಾತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ 200 ಅಂಕಗಳದ್ದು, ಅದರಲ್ಲಿ ಶೇ. 33 ಪಡೆಯದಿದ್ದರೆ ಮೊದಲ ಪತ್ರಿಕೆಯ ಅಂಕ ಎಷ್ಟಿದ್ದರೂ ಮುಂದೆ ಹೋಗಲಾಗದು. ಅದರ ಪಠ್ಯಕ್ರಮದಲ್ಲಿ ಗ್ರಹಿಕೆ, ಸಂವಹನ ಕೌಶಲ, ತಾರ್ಕಿಕ ವಿವೇಚನೆ ಮೂರೂ ಇವೆ. ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನಲ್ಲಿಯೂ ತಾರ್ಕಿಕ ವಿವೇಚನೆಗೆ ಪ್ರತ್ಯೇಕ ಭಾಗವಿದೆ. ನಾಗರಿಕ ಸೇವಾ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತತ್ತ್ವಶಾಸ್ತ್ರವಿದೆ, ಕನ್ನಡ ಸಾಹಿತ್ಯವಿದೆ, ಭಾಷಾವಿಜ್ಞಾನ ಇಲ್ಲ.

## ತರಗತಿಯೊಳಗೆ ಏಳುವ ಪ್ರಶ್ನೆಗಳು

ಹಾಲಿಗೆ ‘ಆಲು’ ಅನ್ನೋದು ತಪ್ಪು ಕನ್ನಡ ಅಲ್ವಾ?

ಈ ಪ್ರಶ್ನೆಯನ್ನು ಕೇಳುವವರಲ್ಲಿ ಎರಡು ಬಗೆ. ‘ಆಲು’ ಎನ್ನುವವರನ್ನು ನೋಡಿ ನಗುವವರು ಒಂದು ಬಗೆ, ತಾವೇ ‘ಆಲು’ ಎಂದು ನಗೆಪಾಟಲಾಗಿ ಕಾಲೇಜಿಗೆ ಬಂದ ಮೇಲೆ ಬಾಯಿ ಬಿಡಲು ಹಿಂಜರಿಯುವವರು ಇನ್ನೊಂದು ಬಗೆ. ಇಬ್ಬರಿಗೂ ಉತ್ತರ ಒಂದೇ.

ತಮಿಳಿನಲ್ಲಿ ಹಾಲಿಗೆ ‘ಪಾಲ್’, ಹುಲಿಗೆ ‘ಪುಲಿ’, ಹೂವಿಗೆ ‘ಪೂ’. ತೆಲುಗಿನಲ್ಲಿ ‘ಪಾಲು’, ‘ಪುಲಿ’, ‘ಪುವ್ವು’. ಹಳಗನ್ನಡದಲ್ಲಿಯೂ ಇವು ‘ಪಾಲ್’, ‘ಪುಲಿ’, ‘ಪೂ’ ಎಂದೇ ಇದ್ದವು; 941ರ ಸುಮಾರಿಗೆ ಬರೆದ ಪಂಪನ ಕನ್ನಡ ಪಕಾರದ ಕನ್ನಡ. ಆಮೇಲೆ ಕೆಲವು ಶತಮಾನಗಳ ಅವಧಿಯಲ್ಲಿ ಕನ್ನಡದಲ್ಲಿ ಮಾತ್ರ ಪದದ ಮೊದಲಿನ ಪಕಾರ ಸಡಿಲಗೊಂಡು ಹಕಾರವಾಯಿತು. ತುಟಿಗಳು ಪೂರ್ತಿ ಮುಚ್ಚಿ ಬಿಡುವ ಧ್ವನಿ ಬರೀ ಉಸಿರಾಗಿ ಉಳಿಯಿತು. ಆ ಉಸಿರೂ ಕಳಚಿದರೆ ಉಳಿಯುವುದು ‘ಆಲು’. ಪಾಲು, ಹಾಲು, ಆಲು ಎಂಬುದು ಒಂದೇ ಇಳಿಜಾರಿನ ಮೂರು ಮೆಟ್ಟಿಲುಗಳು. ‘ಆಲು’ ಎನ್ನುವವನನ್ನು ನೋಡಿ ‘ಹಾಲು’ ಎನ್ನುವವನು ನಕ್ಕರೆ, ಪಂಪನ ಕಾಲದ ಒಬ್ಬ ಪಂಡಿತ ಆ ಇಬ್ಬರನ್ನೂ ನೋಡಿ ನಕ್ಕಾನು.

ಹಕಾರ ಬಿಡುವ ಉಪಭಾಷೆಗಳಲ್ಲಿ ಅದನ್ನು ಬಿಡುವುದು ಕ್ರಮಬದ್ಧವಾಗಿಯೇ ನಡೆಯುತ್ತದೆ. ಅದು ನಾಲಿಗೆಯ ದೋಷವೂ ಅಲ್ಲ, ಸೋಮಾರಿತನವೂ ಅಲ್ಲ. ಇದಕ್ಕಿಂತ ಕುತೂಹಲದ ಸಂಗತಿ ಅದರ ಮರುಹೊಡೆತ: ನಗೆಗೆ ಹೆದರಿದವರು ಬೇಡದ ಕಡೆಯೂ ಹಕಾರ ಸೇರಿಸಿ ‘ಹನ್ನ’ ಎನ್ನುತ್ತಾರೆ. ‘ಆದರದ ಸ್ವಾಗತ’ಕ್ಕೆ ಹೀಗೆ ಹಕಾರ ಸೇರಿದರೆ ಏನಾಗುತ್ತದೆ ಎಂಬ ಹಳೆಯ ನಗೆಮಾತನ್ನು ನಾನಿಲ್ಲಿ ಬರೆಯಬೇಕಾಗಿಲ್ಲ. ನಾಚಿಕೆಯಿಂದ ಹುಟ್ಟುವ ಇಂಥ ಅತಿತಿದ್ದುಪಡಿಯನ್ನು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬಾವ್ 1960ರ ದಶಕದಲ್ಲಿ ನ್ಯೂಯಾರ್ಕಿನ ಕೆಳಮಧ್ಯಮ ವರ್ಗದವರ ಮಾತಿನಲ್ಲಿ ಅಳೆದು ತೋರಿಸಿದರು. ಅಲ್ಲಿ ಅದು ರಕಾರದ ವಿಷಯವಾಗಿತ್ತು.

ಹಾಗಿದ್ದರೂ ಪರೀಕ್ಷೆಯಲ್ಲಿ ‘ಹಾಲು’ ಎಂದೇ ಬರೆಯಬೇಕು. ಬರೆಹಕ್ಕೆ ಒಂದು ಒಪ್ಪಿತ ರೂಪ ಬೇಕು, ಅದು ಒಪ್ಪಂದವೇ ಹೊರತು ಮೇಲ್ಮೆಯಲ್ಲ. ಈ ವ್ಯತ್ಯಾಸವನ್ನು ಮೊದಲ ಸೆಮಿಸ್ಟರಿನಲ್ಲಿ ಅರಗಿಸಿಕೊಂಡವರಿಗೆ ಮುಂದಿನದು ಸಲೀಸು.

ತರ್ಕಶಾಸ್ತ್ರ ಅಂದ್ರೆ ಗಣಿತಾನಾ? ನಂಗೆ ಗಣಿತ ಅಂದ್ರೆ ಭಯ.

ಚಿಹ್ನೆಗಳಿರುತ್ತವೆ, ಲೆಕ್ಕವಿರುವುದಿಲ್ಲ. ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳ ಒದ್ದೆಯಾಗಿದೆ. ‘ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ’ ಎಂದು ನೀವು ತೀರ್ಮಾನಿಸುತ್ತೀರಿ. ಅಷ್ಟರಲ್ಲಿ ಅಮ್ಮ ರಂಗೋಲಿ ಬಟ್ಟಲು ಹಿಡಿದು ಬರುತ್ತಾರೆ, ನೀರು ಚಿಮುಕಿಸಿದ್ದು ಅವರು. ಮೇಲಿನ ವಾಕ್ಯಗಳ ಜೋಡಣೆ ಯಾವ ವಿಷಯದ ಬಗ್ಗೆ ಇದ್ದರೂ ಹೀಗೆಯೇ ಮೋಸಹೋಗಬಹುದು ಎಂದು ತೋರಿಸಲು ‘ಮಳೆ’ಯ ಜಾಗದಲ್ಲಿ ಒಂದು ಅಕ್ಷರ, ‘ಒದ್ದೆ’ಯ ಜಾಗದಲ್ಲಿ ಇನ್ನೊಂದು ಅಕ್ಷರ ಇಡುತ್ತೇವೆ, ಅಷ್ಟೇ. ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ಮೊದಲ ಎರಡು ತಿಂಗಳು ಹಗುರ, ಓದದವರು ಹಿಂದೆ ಬೀಳುವುದಿಲ್ಲ.

ನಮ್ಮ ನ್ಯಾಯಶಾಸ್ತ್ರ, ಅರಿಸ್ಟಾಟಲನ ತರ್ಕ ಎರಡೂ ಒಂದೇನಾ? ಯಾವುದು ಮೇಲು?

ಒಂದೇ ಅಲ್ಲ. ಅರಿಸ್ಟಾಟಲನ ಅನುಮಾನಕ್ಕೆ (ಇಲ್ಲಿ ಅನುಮಾನವೆಂದರೆ ಸಂಶಯವಲ್ಲ, ತಿಳಿದದ್ದರಿಂದ ತೀರ್ಮಾನಕ್ಕೆ ಬರುವ ಕ್ರಮ) ಮೂರು ವಾಕ್ಯಗಳು ಸಾಕು. ಭಾರತದ ಪ್ರಾಚೀನ ತರ್ಕಪರಂಪರೆಯಾದ ನ್ಯಾಯದರ್ಶನ ಐದನ್ನು ಕೇಳುತ್ತದೆ: ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ, ಹೊಗೆ ಕಾಣುತ್ತಿದೆ ಎಂಬುದು ಹೇತು, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ, ಈ ಬೆಟ್ಟವೂ ಅಂಥ ಹೊಗೆಯುಳ್ಳದ್ದು ಎಂಬುದು ಉಪನಯ, ಆದ್ದರಿಂದ ಇಲ್ಲಿ ಬೆಂಕಿಯಿದೆ ಎಂಬುದು ನಿಗಮನ. ಮೇಲ್ನೋಟಕ್ಕೆ ಎರಡು ವಾಕ್ಯ ಪುನರುಕ್ತಿಯಂತೆ ಕಾಣುತ್ತವೆ. ಆದರೆ ಇದು ಎದುರಿಗಿರುವ ಒಬ್ಬನನ್ನು ಒಪ್ಪಿಸಲು ಕಟ್ಟಿದ ರೂಪ. ನೈಯಾಯಿಕರು ತನಗಾಗಿ ಮಾಡಿಕೊಳ್ಳುವ ಅನುಮಾನವನ್ನೂ ಪರರಿಗಾಗಿ ಮಂಡಿಸುವ ಅನುಮಾನವನ್ನೂ ಬೇರೆಯಾಗಿಯೇ ಹೆಸರಿಸಿದ್ದಾರೆ. ಅಡುಗೆಮನೆ ಅಲ್ಲಿಗೆ ಬಂದದ್ದು ಕೇಳುವವನು ಕಂಡಿರುವ ಒಂದು ನಿದರ್ಶನ ಬೇಕು ಎಂಬುದಕ್ಕಾಗಿ. ತರ್ಕವೂ ಸಂವಹನವೂ ಒಂದೇ ಚೌಕಟ್ಟಿನಲ್ಲಿ ಇರುವುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಮಾದರಿಯನ್ನು ನಾನು ಬಲ್ಲವಳಲ್ಲ. ಯಾವುದು ಮೇಲು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ.

ತರ್ಕ ಓದಿದ್ರೆ ವಾದದಲ್ಲಿ ಎಲ್ಲರನ್ನೂ ಸೋಲಿಸಬಹುದಾ?

ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯವನ್ನು ತಿಳಿಯಲು ಇಬ್ಬರು ಕೂಡಿ ನಡೆಸುವುದು ವಾದ, ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ, ತನ್ನದೆಂಬ ನಿಲುವೇ ಇಲ್ಲದೆ ಎದುರಾಳಿಯದನ್ನು ಕೆಡವುವುದು ವಿತಂಡ. ರಾತ್ರಿ ಒಂಬತ್ತರ ಟಿವಿ ಚರ್ಚೆಯಲ್ಲಿ ಮೊದಲನೆಯದನ್ನು ಹುಡುಕುವ ಮನೆಗೆಲಸವನ್ನು ನಾನು ಕೊಡುವುದುಂಟು. ಹೆಚ್ಚಿನವರು ಖಾಲಿ ಹಾಳೆ ತರುತ್ತಾರೆ.

ತರ್ಕ ಕಲಿಸುವ ಮೊದಲ ಪಾಠ ನಮ್ಮದೇ ಸೋಲಿನದು. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಒಂದು ಒಗಟನ್ನು ಮುಂದಿಟ್ಟರು. ಕನ್ನಡದ ಅಕ್ಷರಗಳಲ್ಲಿ ಹೇಳುವುದಾದರೆ, ಮೇಜಿನ ಮೇಲೆ ‘ಅ’, ‘ಕ’, ‘4’, ‘7’ ಎಂದು ಕಾಣುವ ನಾಲ್ಕು ಚೀಟಿಗಳಿವೆ. ಪ್ರತಿ ಚೀಟಿಯ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮವನ್ನು ಪರೀಕ್ಷಿಸಲು ಯಾವ ಯಾವ ಚೀಟಿ ಮಗುಚಬೇಕು? ಬಹಳ ಜನ ‘ಅ’ ಮತ್ತು ‘4’ ಎನ್ನುತ್ತಾರೆ. ಮಗುಚಬೇಕಾದದ್ದು ‘ಅ’ ಮತ್ತು ‘7’. ‘4’ರ ಹಿಂದೆ ಏನೇ ಇದ್ದರೂ ನಿಯಮ ಮುರಿಯುವುದಿಲ್ಲ, ‘7’ರ ಹಿಂದೆ ಸ್ವರವಿದ್ದರೆ ಮುರಿಯುತ್ತದೆ. ಇದೇ ಒಗಟನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು ‘ಬಿಯರ್ ಕುಡಿಯುತ್ತಿದ್ದರೆ ವಯಸ್ಸು 19 ದಾಟಿರಬೇಕು’ ಎಂದು ಬದಲಿಸಿ ಕೇಳಿದಾಗ ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ಸರಿಯುತ್ತರ ಕೊಟ್ಟರು. ತರ್ಕದ ರೂಪ ಅದೇ ಇತ್ತು, ಬದಲಾದದ್ದು ಮಾತು.

‘ನೋಡೋಣ’ ಅಂದ್ರೆ ‘ಇಲ್ಲ’ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ನಿಘಂಟಿನಲ್ಲಿ ಹಾಗಿಲ್ಲ, ಆದರೂ ಸಾಲ ಕೇಳಲು ಹೋದವನಿಗೆ ಅದು ಅರ್ಥವಾಗುತ್ತದೆ. ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದಕ್ಕೊಂದು ವಿವರಣೆ ಇದೆ. ಮಾತನಾಡುವವರು ಬೇಕಾದಷ್ಟು ಹೇಳುತ್ತಾರೆ, ನಿಜ ಹೇಳುತ್ತಾರೆ, ಸಂಬಂಧಪಟ್ಟದ್ದನ್ನು ಹೇಳುತ್ತಾರೆ, ಸ್ಪಷ್ಟವಾಗಿ ಹೇಳುತ್ತಾರೆ ಎಂಬ ನಾಲ್ಕು ನಿರೀಕ್ಷೆಗಳನ್ನು ಇಟ್ಟುಕೊಂಡೇ ನಾವು ಕೇಳಿಸಿಕೊಳ್ಳುತ್ತೇವೆ. ಅವುಗಳಲ್ಲಿ ಒಂದು ಮುರಿದಂತೆ ಕಂಡರೆ, ಮುರಿದದ್ದಕ್ಕೆ ಕಾರಣ ಹುಡುಕಿ ಹೇಳದೆ ಉಳಿದ ಅರ್ಥವನ್ನು ಊಹಿಸುತ್ತೇವೆ. ಕೊಡುವ ಮನಸ್ಸಿದ್ದವನು ‘ನಾಳೆ ಬಾ’ ಎನ್ನುತ್ತಿದ್ದ, ಹಾಗೆನ್ನಲಿಲ್ಲ, ಆದ್ದರಿಂದ ಇಲ್ಲ.

ಆದರೆ ಗ್ರೈಸರ ಸೂತ್ರಗಳನ್ನು ಕನ್ನಡಕ್ಕೆ ಹಾಗೆಯೇ ಇಳಿಸಿದರೆ ಸಾಲದು. ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ‘ಹೋಗ್ತೀನಿ’ ಎಂದರೆ ಅಜ್ಜಿ ಗದರುತ್ತಾರೆ. ಇಲ್ಲಿ ನಿಜ, ಸ್ಪಷ್ಟತೆ ಎರಡನ್ನೂ ಬದಿಗೆ ಸರಿಸಿ ಅಮಂಗಳದ ಭಯ ಮುಂದೆ ನಿಂತಿದೆ. ಕಾಫಿಯ ವಿಷಯ ನೋಡಿ: ‘ಕಾಫಿನೋ ಟೀನೋ?’ ಎಂದರೆ ಒಂದನ್ನು ಆರಿಸಿ ಎಂದರ್ಥ, ‘ಕಾಫಿ, ಟೀ ಏನಾದ್ರೂ?’ ಎಂದರೆ ಬೇಡ ಎನ್ನಲು ದಾರಿ ಬಿಟ್ಟಿದ್ದಾರೆ. ಹಳ್ಳಿಯ ಮನೆಯಲ್ಲಿ ಎರಡನ್ನೂ ಕೇಳದೆ ಲೋಟ ತಂದಿಡುತ್ತಾರೆ.

## ಮುಂದೆ ಹೋಗುವವರಿಗೆ

ಪ್ರಾಜೆಕ್ಟನ್ನ ನಮ್ಮ ಊರಲ್ಲೇ ಮಾಡೋಕಾಗುತ್ತಾ?

ಊರಿನಲ್ಲಿ ಮಾಡುವುದೇ ಒಳ್ಳೆಯದು. ಒಂದು ಉದಾಹರಣೆ: ಆಡುಮಾತಿನಲ್ಲಿ ಮಹಾಪ್ರಾಣ ಉಳಿದಿದೆಯೇ? ‘ಕಾರಹುಣ್ಣಿಮೆ’ಯ ‘ಕಾ’ ಮತ್ತು ‘ಖಾರದಪುಡಿ’ಯ ‘ಖಾ’ ನಿಮ್ಮೂರಿನವರ ಬಾಯಲ್ಲಿ ಬೇರೆಯಾಗಿವೆಯೇ? ಹತ್ತು ಜನರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಉಚಿತವಾಗಿ ಸಿಗುವ ‘ಪ್ರಾಟ್’ ಎಂಬ ತಂತ್ರಾಂಶದಲ್ಲಿ ತೆರೆದರೆ, ವ್ಯಂಜನ ಬಿಡುಗಡೆಯಾದ ಕ್ಷಣಕ್ಕೂ ಸ್ವರತಂತುಗಳು ಕಂಪಿಸಲು ತೊಡಗಿದ ಕ್ಷಣಕ್ಕೂ ನಡುವೆ ಎಷ್ಟು ಮಿಲಿಸೆಕೆಂಡು ಎಂದು ಅಳೆಯಬಹುದು. ಎರಡು ಎಚ್ಚರಿಕೆ. ಮುದ್ರಿಸುವ ಮೊದಲು ಒಪ್ಪಿಗೆ ಕೇಳಬೇಕು, ಹೆಸರನ್ನು ವರದಿಯಲ್ಲಿ ಹಾಕಬಾರದು. ಪಟ್ಟಿ ಓದಿಸಬಾರದು, ಏಕೆಂದರೆ ಹಾಳೆ ಕಂಡೊಡನೆ ಜನ ಮೇಷ್ಟ್ರ ಮುಂದೆ ನಿಂತವರಂತೆ ಮಹಾಪ್ರಾಣ ಹಾಕತೊಡಗುತ್ತಾರೆ. ಅಡುಗೆಯ ಬಗ್ಗೆ ಕೇಳಿ. ಖಾರ ತಾನಾಗಿ ಬರುತ್ತದೆ.

ಈಗ ಕಂಪ್ಯೂಟರೇ ಕನ್ನಡ ಬರೆಯುತ್ತೆ. ಇನ್ನು ಈ ಓದು ಯಾಕೆ?

ಕಂಪ್ಯೂಟರಿಗೆ ಕನ್ನಡ ಹೇಗೆ ಕಾಣುತ್ತದೆ ಎಂದು ಮೊದಲು ನೋಡೋಣ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಅದು ಸಕಾರ, ವಿರಾಮ (ಸ್ವರವಿಲ್ಲ ಎಂಬ ಗುರುತು), ತಕಾರ, ವಿರಾಮ, ರಕಾರ, ಈಕಾರ ಎಂದು ಆರು ಸಂಕೇತಗಳು. ಆ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟಿನಂತೆ 18 ಬೈಟುಗಳು. ಇನ್ನು ‘ಹೋಗಬೇಕಾಗಿತ್ತಲ್ಲವೇ’ ಎಂಬ ಒಂದು ಪದದೊಳಗೆ ಹೋಗು, ಬೇಕು, ಆಗು, ಇತ್ತು, ಅಲ್ಲ, ಕೊನೆಗೊಂದು ಪ್ರಶ್ನೆಯ ‘ಏ’ ಸೇರಿವೆ. ಪದವನ್ನು ಎಲ್ಲಿ ತುಂಡರಿಸಬೇಕು ಎಂಬುದನ್ನು ಅರ್ಥ ನೋಡದೆ, ಯಾವ ತುಣುಕು ಎಷ್ಟು ಸಲ ಬಂದಿದೆ ಎಂಬ ಎಣಿಕೆಯಿಂದ ತೀರ್ಮಾನಿಸುವ ವ್ಯವಸ್ಥೆಗಳು ಇಂಥ ಪದವನ್ನು ಅಡ್ಡಾದಿಡ್ಡಿಯಾಗಿ ಕತ್ತರಿಸುತ್ತವೆ. ಎಲ್ಲಿ ಕತ್ತರಿಸಿದರೆ ಅರ್ಥ ಉಳಿಯುತ್ತದೆ, ಯಂತ್ರ ಬರೆದ ವಾಕ್ಯದಲ್ಲಿ ‘ಎಲ್ಲರೂ ಬರಲಿಲ್ಲ’ ಎಂಬುದು ಯಾವ ಅರ್ಥದಲ್ಲಿದೆ, ‘ನೀನು’ ಎನ್ನಬೇಕಾದಲ್ಲಿ ‘ತಾವು’ ಬಂದರೆ ಏನು ಕೆಡುತ್ತದೆ ಎಂದು ಹೇಳಬಲ್ಲವರು ಬೇಕು. ಯಂತ್ರದ ಕನ್ನಡ ಸರಾಗವಾದಷ್ಟೂ ಅದರ ತಪ್ಪುಗಳು ಕಣ್ಣಿಗೆ ಬೀಳುವುದು ಕಷ್ಟವಾಗುತ್ತದೆ.

ಸಂಶೋಧನೆಗೆ ಹೋಗ್ಬೇಕು ಅಂತಿದೆ. ಈಗಿನಿಂದ ಏನು ಸಿದ್ಧತೆ ಮಾಡ್ಲಿ?

ಮೂರನೇ ವರ್ಷದಲ್ಲಿ ಗಣಸಿದ್ಧಾಂತದ (ಸೆಟ್ ಥಿಯರಿ) ಮೊದಲ ಅಧ್ಯಾಯಗಳನ್ನೂ ಪ್ರಾಥಮಿಕ ಸಂಖ್ಯಾಶಾಸ್ತ್ರವನ್ನೂ ಓದಿಕೊಳ್ಳಿ. ಕಲಾ ವಿಭಾಗದಿಂದ ಬಂದವರು ಎಂಎ ತರಗತಿಯಲ್ಲಿ ಎಡವುವುದು ಇಲ್ಲಿ. ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣದ ಒಂದು ಪ್ರಕರಣವನ್ನಾದರೂ ಮೂಲದಲ್ಲಿ ಓದಿ, ಅವನು ಕೊಡುವ ಉದಾಹರಣೆಗಳನ್ನು ನಿಮ್ಮ ಮನೆಮಾತಿನೊಂದಿಗೆ ಹೋಲಿಸಿ. ಕನ್ನಡದ ಜೊತೆಗೆ ತುಳು, ಕೊಡವ, ಬಡಗ, ಕೊಂಕಣಿ, ದಖನಿಗಳಲ್ಲಿ ಒಂದನ್ನು ಕಿವಿಗೆ ಹಚ್ಚಿಕೊಳ್ಳಿ. 2011ರ ಜನಗಣತಿ ಬಡಗವನ್ನು ಕನ್ನಡದ ಕೆಳಗೆ ಎಣಿಸಿದೆ, ನೀಲಗಿರಿಯ ಬಡಗರಲ್ಲಿ ಅದು ಬೇರೆಯೇ ಭಾಷೆ ಎನ್ನುವವರಿದ್ದಾರೆ, ಭಾಷೆಗೂ ಉಪಭಾಷೆಗೂ ಗೆರೆ ಎಳೆಯುವವರು ಯಾರು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ; ಅಲ್ಲಿನ ಗ್ರಂಥಾಲಯದಲ್ಲಿ ಒಂದು ವಾರ ಕುಳಿತು ಬನ್ನಿ. ಹೋಗುವಾಗ ‘ಗಿಡ’ಕ್ಕೆ ನಿಮ್ಮ ಮನೆಯ ನಾಲ್ವರು ಕೊಟ್ಟ ಉತ್ತರಗಳ ಹಾಳೆಯನ್ನು ಜೊತೆಗೆ ಒಯ್ಯಿರಿ.